ಹದಿನೇಳನೇ ಪುಟದ ಪೆನ್ಸಿಲ್

ಅರವತ್ತೆರಡು ಕೊಲೆ ಮಾಡಿದ್ದೇನೆ,
ಬಹುಪಾಲು ವಿಷದಿಂದ. ರಕ್ತ ಕಂಡರೆ ನನಗಾಗದು.
ಹಗಲೆಲ್ಲ ಖಜಾನೆಯಲ್ಲಿ ಕೂತು
ಪಿಂಚಣಿದಾರರು ಬದುಕಿದ್ದಾರೆಂದು ಮೊಹರು ಒತ್ತಿ,
ರಾತ್ರಿ ಪಾತ್ರೆ ಬೋರಲು ಹಾಕಿದ ಮೇಲೆ
ಒಬ್ಬೊಬ್ಬರನ್ನೇ ಮುಗಿಸುತ್ತಿದ್ದೆ.

ರಕ್ಷಾಪುಟದ ಮೇಲೆ ಹೆಸರು: ಕೆ. ಭೈರವ್.
ನೀಲಾಂಬಿಕೆ ಅಂತ ಹಾಕಿದರೆ
ಪಿಸ್ತೂಲಿಗೂ ಅರಿಶಿನ ಹಚ್ಚಿದ್ದಾಳೆ ಅಂತಾರೆ, ಎಂದಿದ್ದ ಪ್ರಕಾಶಕ.
ಭದ್ರಾವತಿಯ ಹುಡುಗಿಯೊಬ್ಬಳು
ನನ್ನ ಮೀಸೆಯ ಫೋಟೋ ಕೇಳಿ ಕಾಗದ ಬರೆದಿದ್ದಳು.
ಉತ್ತರಿಸಲಿಲ್ಲ. ಪಾಪ.

ದುರ್ಗಿಗುಡಿಯಲ್ಲಿ ಖಲಂದರ್ ಸಾಬರ ಬಾಡಿಗೆ ಪುಸ್ತಕದ ಅಂಗಡಿ,
ದಿನಕ್ಕೆ ನಾಲ್ಕಾಣೆ.
ನನ್ನ ಪುಸ್ತಕಗಳನ್ನು ನಾನೇ ಬಾಡಿಗೆಗೆ ತರುತ್ತಿದ್ದೆ.
ಎಲ್ಲಿ ಎಣ್ಣೆ ಬೆರಳು, ಎಲ್ಲಿ ಮಡಿಸಿದ ಮೂಲೆ,
ಯಾವ ಸಾಲಿನ ಸಂದಿಯಲ್ಲಿ ನಶ್ಯದ ಪುಡಿ,
ಓದುವವ ಎಲ್ಲಿ ಉಸಿರು ಹಿಡಿದ, ಎಲ್ಲಿ ಆಕಳಿಸಿದ.
ನಾನು ನಡೆಸಿದ ನಿಜವಾದ ತನಿಖೆ ಅದೊಂದೇ.

ಪ್ರತಿ ಪುಸ್ತಕದ ಹದಿನೇಳನೇ ಪುಟದ ಅಂಚಿಗೆ
ಬಲಕ್ಕೆ ವಾಲಿದ ಸಣ್ಣ ಪೆನ್ಸಿಲ್ ಅಕ್ಷರ:
‘ಅಡಿಗೆಯವ.’
‘ದತ್ತು ಮಗ.’
‘ಡಾಕ್ಟರ್. ಕೈಗವಸು ಗಮನಿಸಿ.’
ಯಾವನೋ ಪುಣ್ಯಾತ್ಮ
ಹಿಂದಿನ ಪಂಕ್ತಿಯವರ ಪಾಯಸವನ್ನೂ ತಾನೇ ಉಂಡು
ಎಲೆ ಮಡಿಸಿ ಎದ್ದುಹೋಗಿದ್ದ.
ಯಾರಿದು, ಸಾಬರೇ, ಎಂದೆ.
ಲೆಡ್ಜರ್ ತೆರೆದರು. ತಟ್ಟನೆ ಮುಚ್ಚಿದರು.
“ಗಿರಾಕಿ ಗುಟ್ಟು, ಅಮ್ಮ.”

ಒಂದರಲ್ಲಿ ಮಾತ್ರ ಪೆನ್ಸಿಲ್ ತಪ್ಪಿತ್ತು.
‘ಮಂಡಗದ್ದೆಯ ಮೂರನೇ ಕೀಲಿ’.
ನಾನು ಗಲ್ಲಿಗೇರಿಸಿದ್ದು ಅಂಬಿಗರ ಕೆಂಚನನ್ನು.
ಅಂಚಿನಲ್ಲಿದ್ದದ್ದು: ‘ಸಾಹುಕಾರರೇ.’
ಗೆದ್ದೆ ಅಂದುಕೊಂಡೆ. ಆ ಪ್ರತಿ ವಾಪಸು ಕೊಡಲೇ ಇಲ್ಲ.

ಈಗ ಎಪ್ಪತ್ತಾರು. ಪೊರೆ ತೆಗೆಸಿ ತಿಂಗಳಾಯಿತು,
ಗೋಡೆಯ ಬಿರುಕೂ ಹೊಸ ರುಜುವಿನಂತೆ ಕಾಣುವ ಕಣ್ಣು.
ನಿನ್ನೆ ಅದನ್ನೇ ಓದಿದೆ.
ಎಂಟನೇ ಅಧ್ಯಾಯದಲ್ಲಿ ಹೊಳೆ ಬತ್ತಿದೆ, ನಾನೇ ಬತ್ತಿಸಿದ್ದೇನೆ.
ಬಂಡೆ ಎದ್ದ ಹೊಳೆಯಲ್ಲಿ ಕೆಂಚನ ದೋಣಿ
ಆಚೆ ದಡ ಮುಟ್ಟುವುದು ಹೇಗೆ?
ಒಂಬತ್ತರಲ್ಲಿ ಸಾಹುಕಾರರ ಜೋಡಿಗೆ ಒದ್ದೆ ಮರಳು.
ಬರೆದ ಕೈ ಮರೆತಿತ್ತು.
ಕೊಲೆಗಾರ ಬೇಕಿತ್ತು, ಕೆಂಚ ಕೈಗೆ ಹತ್ತಿರವಿದ್ದ.
ಐದು ಮುದ್ರಣ. ಐದು ಸಲ ಹಗ್ಗ.

ನಿದ್ದೆ ಬಾರದೆ, ಬೆಳಕು ಹರಿಯುವ ಮೊದಲೇ
ಕೋರ್ಪಲಯ್ಯನ ಛತ್ರದ ಮೆಟ್ಟಿಲಿಗೆ ಹೋದೆ.
ಏಪ್ರಿಲ್ ತುಂಗೆ, ಮಂಟಪದ ಕಾಲೆಲ್ಲ ಬಯಲು.
ಮರಳು ತುಂಬಿದ ಟ್ರ್ಯಾಕ್ಟರುಗಳು ದೀಪ ಆರಿಸಿ ಏರು ಹತ್ತುತ್ತಿದ್ದವು.
ಇಲ್ಲಿ ಹೆಣವೂ ಎದುರಿಗೇ, ಚಕ್ರದ ಗುರುತೂ ಎದುರಿಗೇ,
ಹೆಸರು ಟೀ ಅಂಗಡಿಯ ಬೆಂಚಿಗೂ ಗೊತ್ತು,
ಅದೇ ಹೆಸರು ಗೋಡೆ ಮೇಲೆ ಕೈಮುಗಿದು ಮತ ಕೇಳುತ್ತದೆ.
ಇಂಥ ಕಥೆ ಭೈರವನಿಗೆ ಬಾರದು.
ಹದಿನೇಳನೇ ಪುಟ ಊರಿಗೆಲ್ಲ ಬಾಯಿಪಾಠ,
ಕೊನೆಯ ಪುಟ ಯಾವ ಮುದ್ರಣದಲ್ಲೂ ಇಲ್ಲ.
ನನ್ನ ಕಥೆಯಲ್ಲಿ ಶಾಯಿ ಬೆರಳು ಆರೋಪಿಯದು.
ಇಲ್ಲಿ ಐದು ವರ್ಷಕ್ಕೊಮ್ಮೆ
ಸಾಕ್ಷಿಗಳ ಬೆರಳಿಗೇ ಶಾಯಿ.

ಮಿಂಚುಳ್ಳಿಯೊಂದು ಮೀನು ಎತ್ತಿತು,
ಕಲ್ಲಿಗೆ ಎರಡು ಬಡಿದು ನುಂಗಿತು.
ಕಾರಣ: ಹಸಿವು. ಬಚ್ಚಿಟ್ಟದ್ದು: ಏನೂ ಇಲ್ಲ.
ಪಂಚನಾಮೆ ಒಂದು ಸಾಲಿಗೆ ಮುಗಿಯಿತು.
ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ,
ಏನನ್ನೂ ಊಹಿಸದೆ, ಅದೂ ಒಂದು ಸುಖ.

ಮನೆಗೆ ಬಂದು ಪುಸ್ತಕ ಎತ್ತಿಡುವಾಗ
ಹಾಳೆಗಳ ನಡುವಿಂದ ಚೀಟಿ ಉದುರಿತು:
‘ನೀಲಾಂಬಿಕೆ ಮೇಡಂ, ಬಾಕಿ ನಾಲ್ಕಾಣೆ.’
ಸಾಬರ ಕೈ.
ಅಕ್ಷರ ಬಲಕ್ಕೆ ವಾಲಿದೆ.

ಸಾಬರು ಹೋಗಿ ಹನ್ನೊಂದು ವರ್ಷ.
ಅಂಗಡಿಯಲ್ಲೀಗ ಮೊಬೈಲ್ ಕವಚಗಳು ತೂಗುತ್ತಿವೆ.
ಖಜಾನೆಯಲ್ಲಿ ದುಡಿದವಳು ನಾನು, ನನಗೆ ಗೊತ್ತು,
ನಾಲ್ಕಾಣೆ ಈಗ ಚಲಾವಣೆಯಲ್ಲಿಲ್ಲ.