ಇದು ಕರೆಂಟ್ ಹೋದ ಮೌನ ಅಲ್ಲ

ಚೀಟಿ ತಿರುವಿ ತಿರುವಿ ನೋಡಿದೆ.
ಗುಳಿಗಿ ಹೆಸರು ಒಂದ ಬರದಿದ್ರು, ಅದರ ಕೆಳಗ
ದುಂಡನ್ನ ಅಕ್ಷರದಾಗ: ವಾರಕ್ಕೊಮ್ಮೆ ಅಡವಿ, ಎರಡು ತಾಸು.
ಫೋನ್ ಬ್ಯಾಡ. ಅವಸರ ಬ್ಯಾಡ.

"ಬಾಯಾರ, ಬನಹಟ್ಟಿ ಸುತ್ತ ಕಬ್ಬು ಬಿಟ್ರ ಏನೈತ್ರಿ?" ಅಂದೆ.
ಒದರಿದೆ ಅಂತ ಕಾಣಸ್ತೈತಿ, ಹೊರಗಿನ ಸಾಲು ತಿರುಗಿ ನೋಡಿತು.
ಇಪ್ಪತ್ತೆರಡು ವರ್ಷ ಮಗ್ಗದ ನಡುವ ನಿಂತವನ ದನಿ
ತಗ್ಗೂದನ್ನ ಮರತೈತಿ.
ಮನ್ಯಾಗ ನೀರು ಕೇಳಿದ್ರ ಜಗಳ ತಗದಂಗ ಆಗತೈತಿ.
ರಾತ್ರಿ ದಿಂಬಿಗೆ ಕಿವಿ ಹಚ್ಚಿದ್ರ
ದಿಂಬಿನೊಳಗ ಖಟಾ ಖಟಾ ಖಟಾ,
ಲಾಳಿ ಈ ಕಿವಿಯಿಂದ ಆ ಕಿವಿಗೆ.
ಎದ್ದು ಕುಂತು ಗಡಿಯಾರ ನೋಡೂದು. ಎರಡೂವರಿ. ಮೂರು ಹತ್ತು.
ಎದಿ ಮ್ಯಾಲ ಯಾರೋ ತುಂಬಿದ ಬೀಮ್ ಇಟ್ಟಂಗ.

"ಬೀಳಗಿ ಕಡೆ ಯಡಹಳ್ಳಿ ಅಡವಿ ಐತಲ್ಲ" ಅಂದ್ರು.
"ಅದು ಅಡವಿ ಏನ್ರಿ? ಬರೇ ಜಾಲಿ ಕಂಟಿ."
"ಕಂಟೀನ ಸಾಕು" ಅಂದ್ರು.

ವಾರದ ಸೂಟಿಗೆ ಬಸ್ಸು ಹತ್ತಿದೆ.
ಶೆಡ್ಡಿನಾಗ ಆಗಲೇ ಸುದ್ದಿ: ಸನ್ಯಾಸ ತಗೊಳಾಕ ಹೊಂಟಾನ.
ಗಾರ್ಡ್ ದಾವಲಸಾಬ, ನಾ ನೇಕಾರ ಅಂತ ಕೇಳಿ,
ಹುರುಪಿಲೆ ಗೀಜಗನ ಗೂಡು ತೋರಿಸಿದ:
"ನಿಮ್ಮ ಬೀಗರ ಮನಿ ನೋಡ್ರಿ!"
"ಮೀಟರಿಗೆ ಎಷ್ಟು ಕೊಡತಾರ ಕೇಳು ಅದಕ್ಕ" ಅಂದೆ.
ನಕ್ಕ. ಒಂದು ದಿಂಡಲ ಗಿಡದ ಕೆಳಗ ನನ್ನ ಕುಂದರಿಸಿ
ಸೈಕಲ್ ತಗೊಂಡು ಹ್ವಾದ.

ಆಮ್ಯಾಲ ಮೌನ.
ನನಗ ಗೊತ್ತಿದ್ದ ಮೌನ ಒಂದ:
ಕರೆಂಟ್ ಹೋದ ಮೌನ.
ಇಪ್ಪತ್ನಾಲ್ಕು ಮಗ್ಗ ಒಮ್ಮೆಲೆ ನಿಂತು
ನೂಲಿನ ಧೂಳು ಗಾಳ್ಯಾಗ ಹಂಗ ತೇಲತಿರತೈತಿ,
ಯಾರೂ ಮಾತಾಡೂದಿಲ್ಲ, ಎಲ್ಲಾರೂ ಬಲ್ಬ್ ನೋಡೂದು.
ನಿಂತ ನಿಮಿಷಕ್ಕ ಪಗಾರಿಲ್ಲ.
ಅದಕ ಇಲ್ಲೂ ಕಣ್ಣು ಮ್ಯಾಲ ಹ್ವಾದುವು, ಬಲ್ಬ್ ಹುಡಕಿಕೋತ.
ಮ್ಯಾಲ ಎಲಿ ಇದ್ದುವು.
ಕೈ ತೊಡಿ ಮ್ಯಾಲ ತಾನ ನಡುಗತಿತ್ತು.
ಕಿವ್ಯಾಗಿನ ಮಗ್ಗ ಮೊದಲಿಗಿಂತ ಜೋರ.
ಓಡಿ ಹೋಗಲೇನು ಅನಿಸಿತು. ಬಸ್ಸು ನಾಕಕ್ಕ ಇತ್ತು.

ಕುಂತೆ.
ಬ್ಯಾರೆ ಏನ ಮಾಡೂದು, ಕುಂತೆ.
ಇರಿವಿ ಸಾಲು ನನ್ನ ಚಪ್ಪಲಿ ಸುತ್ತಿ ಹ್ವಾತು,
ಗುಡ್ಡ ಅಂದಕೊಂಡು.
ತಂಗಡಿ ಹೂವಿನ ಹಳದಿ. ಒಣ ಹುಲ್ಲಿನ ವಾಸನಿ.
ಬಿಸಿಲಿಗೆ ಯಾವದೋ ಕಾಯಿ ಚಟ್ ಅಂತ ಒಡೀತು.
ದೂರ ಒಂದು ಚಿಂಕಾರ, ಮಣ್ಣಿನ ಬಣ್ಣದ್ದು;
ಬಾಲ ಆಡಿಸಿದ ಮ್ಯಾಲನ ಗೊತ್ತಾತು ಅದು ಮಣ್ಣಲ್ಲ ಅಂತ.
ನನ್ನ ನೋಡಿತು. ಲೆಕ್ಕಕ್ಕ ಹಿಡೀಲಿಲ್ಲ.
ಯಾರೂ ನನ್ನ ಲೆಕ್ಕಕ್ಕ ಹಿಡೀದಂಥ ಹೊತ್ತು
ಎಷ್ಟು ವರ್ಷದ ಮ್ಯಾಲ ಬಂತೋ.
ಮೀಟರ್ ಇಲ್ಲ, ಪೀಸ್ ಇಲ್ಲ, ಡ್ಯಾಮೇಜ್ ಇಲ್ಲ.

ಆಗ ಹುಲ್ಲಿನೊಳಗ ಒಂದು ಹುಳ ಸುರು ಮಾಡಿತು: ಕಿರ್ರ್ರ್.
ಇನ್ನೊಂದು. ಮತ್ತೊಂದು. ಆಮ್ಯಾಲ ಇಡೀ ಕಂಟಿ.
ಕಿವಿಯೊಳಗಿಂದು ಯಾವದು, ಹುಲ್ಲಿಂದು ಯಾವದು,
ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ.
ಹುಡುಕೂದು ಬಿಟ್ಟೆ.
ಕೈ ಯಾವಾಗ ಸುಮ್ಮನಾತೋ ನೋಡಿಲ್ಲ.
ಬಸ್ಸು ತಪ್ಪಿತು.

ಆರಾಮ ಆತು ಅಂತ ಹೇಳೂದಿಲ್ಲ. ಗುಳಿಗಿ ನಡದೈತಿ.
ಮಗ್ಗ ನಡದೈತಿ, ಹೊರಗೂ ಒಳಗೂ.
ಈಗ ಕರೆಂಟ್ ಹೋದ್ರ ಮಾತ್ರ
ನಾ ಬಲ್ಬ್ ನೋಡೂದಿಲ್ಲ. ಕಣ್ಣು ಮುಚ್ಚಿ
ಆ ದಿಂಡಲ ಗಿಡಕ್ಕ ಬೆನ್ನು ಹಚ್ಚತೀನಿ,
ಕರೆಂಟ್ ಬರೂತನ.

ಐದನೇ ವಾರ, ತಿರುಗಿ ಬಂದ ರಾತ್ರಿ,
ಪ್ಯಾಂಟಿಗೆ ಹತ್ತಿದ ಹುಲ್ಲುಮುಳ್ಳು ಕೀಳಕೋತ ಕಟ್ಟಿ ಮ್ಯಾಲ ಕುಂತಿದ್ದೆ.
ಒಳಗಿಂದ ಸಾವಂತ್ರಿ, ಮಕ್ಕಳು ಮಲಗ್ಯಾವಂತ, ಪಿಸುದನಿಲೆ
"ಚಹಾ?" ಅಂದಳು.
"ಹ್ಞೂಂ" ಅಂದೆ.
ಹೊರಗ ಬಂದು ನನ್ನ ಮುಖ ನೋಡಿದಳು.
"ಅದನ್ನ ಇನ್ನೊಮ್ಮೆ ಅನ್ರಿ" ಅಂದಳು.