ನಾಲ್ಕು ಬೆರಳು ಜಾಗ

ವಲ್ಪರೈಸೊ ಬಂದರಿನ ಮೀನುಗಾರರ ಸಂಘಕ್ಕೆ
ಪ್ರತಿ ಶುಕ್ರವಾರ ಒಂದು ಹಾಳೆ ಅಚ್ಚು ಹಾಕುತ್ತೇನೆ.
ಮುಂದೆ ಉಬ್ಬರವಿಳಿತದ ಹೊತ್ತು, ಹಿಂದೆ ಸತ್ತವರ ಹೆಸರು,
ಡೀಸೆಲ್ಲಿನ ದರ.
ಅದರ ಕೆಳಗೆ ಯಾವಾಗಲೂ ನಾಲ್ಕು ಬೆರಳು ಜಾಗ ಮಿಗುತ್ತದೆ.
ಅಲ್ಲೊಂದು ಲಂಗರಿನ ಚಿತ್ರ ಕೂರಿಸುತ್ತಿದ್ದೆ.
ಹನ್ನೊಂದು ವರ್ಷ, ಅದೇ ಲಂಗರು.

ಆ ಜಾಗ ಕೇಳಿಕೊಂಡು ಬಂದವಳು ಒತೀಲಿಯ,
ಅಕಾರ್ಡಿಯನ್ ರಿಪೇರಿಯವಳು.
ಅಂಗಡಿ ಮೇಲೆಲ್ಲೋ, ಗುಡ್ಡದ ಲಿಫ್ಟು ಕೆಟ್ಟು ನಿಂತ ಓಣಿಯಲ್ಲಿ;
ನಾಯಿಯೂ ಎರಡು ಸಲ ಯೋಚಿಸಿ ಹತ್ತುವ ಮೆಟ್ಟಿಲು.
ಜಾಹೀರಾತಿಗೆ ಕಾಸಿಲ್ಲ ಎಂದಳು,
ಬಡತನವನ್ನು ಒದ್ದೆ ಛತ್ರಿಯ ಹಾಗೆ ಮೇಜಿನ ಮೇಲಿಟ್ಟು.
'ಬರೆದು ಕೊಡುತ್ತೇನೆ, ಪುಕ್ಕಟೆ.
ಕೊನೆಗೆ ನನ್ನ ವಿಳಾಸ, ಒಂದು ಸಾಲು.'

ಆಗಲೇ ಊರೆಲ್ಲ ಸುತ್ತಿ ಬಂದಿದ್ದಳು:
ಚರ್ಚಿನ ಭಾನುವಾರದ ಚೀಟಿ,
ಅಗ್ನಿಶಾಮಕರ ಮಾಸಿಕ, ಬೇಕರಿಯ ಪಂಚಾಂಗ.
ಕೈಚೀಲದಲ್ಲೊಂದು ನೋಟುಬುಕ್ಕು—
ಯಾರ ಹಾಳೆಯಲ್ಲಿ ಎಷ್ಟು ಬಿಳುಪು ಖಾಲಿ ಬಿದ್ದಿದೆ,
ಯಾರು ಓದುತ್ತಾರೆ,
ಓದಿದ ಮೇಲೆ ಅದರಲ್ಲಿ ಏನು ಕಟ್ಟುತ್ತಾರೆ.
ನಮ್ಮದರ ಮುಂದೆ ಬರೆದಿದ್ದಳು: ಮೀನು.

ಮೊದಲು ತಂದದ್ದು ತನ್ನದೇ ಕತೆ.
ಅಜ್ಜನಿಂದ ಕಲಿತ ವಿದ್ಯೆ, ಮೂವತ್ತು ವರ್ಷ ಪಳಗಿದ ಕೈ, ಇತ್ಯಾದಿ.
ಓದಿ ಹಿಂದೆ ಕೊಟ್ಟೆ.
'ಅಮ್ಮಾ, ನೆಂಟರ ಮನೆಗೆ ಹೋಗುವಾಗ
ಯಾರಾದರೂ ಅಂಗಡಿ ಬೋರ್ಡು ಹೊತ್ತು ಹೋಗುತ್ತಾರೆಯೇ?
ಕೈಯಲ್ಲಿ ಎರಡು ಹಣ್ಣಾದರೂ ಬೇಡವೇ?'
ಮಾತಾಡಲಿಲ್ಲ. ಕಿಟಕಿಯಾಚೆ ದೋಣಿಗಳನ್ನು ನೋಡಿದಳು,
ತುಕ್ಕು ತಿಂದ ಕೊಂಡಿ, ಕೀಲು, ಬೀಗ. ಬಹಳ ಹೊತ್ತು.

ಮುಂದಿನ ವಾರ ತಂದದ್ದು ಉಪ್ಪಿನ ಬಗ್ಗೆ.
ಉಪ್ಪು ಹಿತ್ತಾಳೆಯನ್ನು ಹೇಗೆ ತಿನ್ನುತ್ತದೆ:
ಮೊದಲು ಹೊಳಪನ್ನು, ಆಮೇಲೆ ದನಿಯನ್ನು.
ಕೆಡುವ ಮುಂಚೆ ಬೀಗ ಕೆಮ್ಮುತ್ತದೆ, ಕಿವಿಗೊಡಿ.
ಜೇನುಮೇಣ ಒಂದು ಪಾಲು, ಎಣ್ಣೆ ಎರಡು,
ಹಳೇ ಬನಿಯನ್ನಿನ ಚೂರು.
ಅಕಾರ್ಡಿಯನ್ ಎಂಬ ಪದ ಎಲ್ಲೂ ಇಲ್ಲ.

ಲಂಗರು ಕಿತ್ತೆ.

ತೊಗಲಿನ ತೇಪೆ, ಅಂಟು,
ಚಳಿಗೆ ಮರ ಯಾಕೆ ಮುಲುಗುತ್ತದೆ—ವಾರ ವಾರ ಬಂತು.
'ಗುಡ್ಡ ಹತ್ತಿದವರು ಎಷ್ಟು?' ಕೇಳಿದೆ.
'ಒಬ್ಬ. ದಾರಿ ತಪ್ಪಿ.'
ನಕ್ಕಳು. ನಾನೂ ನಗಬೇಕಾಯಿತು.

ಆರನೆಯ ವಾರ ಸತ್ತವರು ಇಬ್ಬರು ಹೆಚ್ಚಿದ್ದರು.
ಏನನ್ನಾದರೂ ಬಿಡಬೇಕು.
ಅವರನ್ನು ಬಿಡುವಂತಿಲ್ಲ, ಸಮುದ್ರವನ್ನು ಬಿಡುವಂತಿಲ್ಲ.
ಅವಳ ಕೊನೆಯ ಸಾಲು ಬಿಟ್ಟೆ.
ಹೇಳಲಿಲ್ಲ.

ಸೋಮವಾರ ನನ್ನ ಬಾಗಿಲಲ್ಲಿ ನಿಂತಿದ್ದರು—
ಕಚ್ಚಿಕೊಂಡ ಕತ್ತರಿ ಹಿಡಿದ ಹೆಂಗಸು,
ರಾಟೆಯ ಹಲ್ಲುಚಕ್ರ ಹೊತ್ತ ಅಣ್ಣತಮ್ಮ,
ಮತ್ತೆ ಬೆಲಾರ್ಮೀನೊ, ಮಗ ಮುಳುಗಿದ ಮೇಲೆ
ಯಾರೊಡನೆಯೂ ಮಾತಾಡದವನು,
ಕಂಕುಳಲ್ಲಿ ಕಂಬಳಿ ಸುತ್ತಿದ ಪೆಟ್ಟಿಗೆ.
'ಆ ಉಪ್ಪಿನ ಹೆಂಗಸು ಎಲ್ಲಿರೋದು?'

ನಾಲ್ಕು ವಾರ ವಿಳಾಸ ಅಲ್ಲೇ ಇತ್ತು, ಯಾರ ಕಣ್ಣಿಗೂ ಬೀಳದೆ.
ಇಲ್ಲದಾಗ ಕೇಳುತ್ತಾರೆ.
ದಾರಿ ಹೇಳಹೊರಟೆ. ಗೊತ್ತಿಲ್ಲ!
ಕೈಯಾರೆ ಜೋಡಿಸಿದ ಅಕ್ಷರ, ಬೀದಿಯ ಹೆಸರು, ಮನೆ ನಂಬರು
ಬೆರಳಿಗೆ ಬಾಯಿಪಾಠ, ಕಾಲಿಗೆ ಗೊತ್ತಿಲ್ಲ.
ಕೋಟು ತೊಟ್ಟು ಮುಂದೆ ನಡೆದೆ, ಅವರು ಹಿಂದೆ.
ಇನ್ನೂರ ಹನ್ನೊಂದು ಮೆಟ್ಟಿಲು. ಎಣಿಸಿದ್ದು ಏದುಸಿರು.

ನೀಲಿ ತಗಡಿನ ಗೋಡೆ. ಬಾಗಿಲು ತೆರೆದೇ ಇತ್ತು.
ಅವಳು ಬೆರಗಾಗಲಿಲ್ಲ, ಸ್ಟೂಲು ಎಳೆದಳು.
ಬೆಲಾರ್ಮೀನೊನ ಕಂಬಳಿ ಬಿಚ್ಚಿ
ತಿದಿಯನ್ನು ಮೆಲ್ಲಗೆ ಹಿಗ್ಗಿಸಿದಳು.
ಕೆಮ್ಮಿತು.
ಅವನು ತಲೆಯಾಡಿಸಿದ, ಹೌದು, ಹೀಗೇ, ಎನ್ನುವಂತೆ.

ಗೋಡೆಗೆ ನನ್ನ ಹಾಳೆಗಳು.
ಕೊನೆಯದರ ಅಂಚಿನಲ್ಲಿ, ಜಾಗವೇ ಇಲ್ಲದಲ್ಲಿ,
ವಿಳಾಸವನ್ನು ಪೆನ್ಸಿಲ್ಲಿನಿಂದ ತಾನೇ ಬರೆದುಕೊಂಡಿದ್ದಳು.
ನಾನು ನೋಡಿದ್ದನ್ನು ಅವಳು ನೋಡಿದಳು.
'ಮುಂದಿನ ವಾರ ಎಷ್ಟು ಸಾಲು?' ಎಂದಳು,
ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ.