ಐದನೇ ಜೇಬು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ನಾಯಿಗಳ ಕಾಲು ಮೊಳಕಾಲ ತನಕ ನೀಲಿ ಇರುತ್ತಿತ್ತು.
ಈಗಿಲ್ಲ. ಈಗ ಮಾಮೂಲಿ ನಾಯಿಬಣ್ಣ.
ಮೋರಿ ತಿಳಿಯಾಗಿದೆ ಅಂತ ಪೇಪರಿನಲ್ಲಿ ಬಂತು.
ತಿಳಿಯಾಗಿಲ್ಲ, ಒಣಗಿದೆ.

ಸುಳ್ಳಾಡಲಾರೆ, ಆ ನೀರು ಕಂಡವನೇ ನಾನು.
ಮಗಳ ಮನೆ ಬೋರಿನಲ್ಲಿ ಅಕ್ಕಿ ತೊಳೆದರೆ
ಅನ್ನದ ಅಂಚಿಗೆ ಬಾಣಂತಿಯ ನರದ ಬಣ್ಣ.
ಜಿಲಾನಿಯ ವಾಷಿಂಗ್ ಶೆಡ್ಡಿಗೆ
ಮಂಡಳಿಯವರು ನೋಟೀಸು ಅಂಟಿಸಿದಾಗ
ನನಗೂ ಸರಿ ಅನ್ನಿಸಿತು,
ಅರ್ಧ ದಿನ.
ಮಧ್ಯಾಹ್ನ ಲೈನ್‌ಮನ್ ಬಂದು ಕಿತ್ತದ್ದು ಅವನ ಫ್ಯೂಸು.
ನಿಂತದ್ದು ನನ್ನ ಎಂಟು ಮಷೀನು.

ಶುದ್ಧೀಕರಣ ಘಟಕ ಹಾಕಿಸು, ಆಮೇಲೆ ಕರೆಂಟು, ಅಂದರಂತೆ.
ಜಿಲಾನಿ ಕೊಟೇಶನ್ ತಂದು ತೋರಿಸಿದ.
ಇಬ್ಬರೂ ಕೂತು ಸೊನ್ನೆ ಎಣಿಸಿದೆವು
ಒಮ್ಮೆ ಅವನ ಕನ್ನಡಕದಲ್ಲಿ, ಒಮ್ಮೆ ನನ್ನದರಲ್ಲಿ.
ಎರಡರಲ್ಲೂ ಅಷ್ಟೇ ಇದ್ದವು.

ತೊಳೆಯದ ಜೀನ್ಸು ಅಂದರೆ ತಗಡು.
ನಿಲ್ಲಿಸಿದರೆ ನಿಲ್ಲುತ್ತದೆ, ಒಳಗೆ ಮನುಷ್ಯ ಬೇಕಿಲ್ಲ.
ಹಾಗೆ ಗೋಡೆಗೊರಗಿ ನಿಂತಿದ್ದಾರೆ
ಇನ್ನೂರ ನಲವತ್ತು ಮಂದಿ,
ಸೊಂಟದ ಮೇಲೆ ಏನೂ ಇಲ್ಲದವರು.
ರಾತ್ರಿ ಬೀಗ ಹಾಕುವಾಗ
ಅವರಿಗೆ ಬೆನ್ನು ತೋರಿಸಲು ನಾಚಿಕೆ.

ಇಪ್ಪತ್ತನೇ ತಾರೀಖಿನೊಳಗೆ
ಏನೂ ಮಾರಿಲ್ಲ ಅಂತ ಬರೆದುಕೊಡಬೇಕು.
ಬರೆಯಲಿಲ್ಲವೋ, ಮಾರದೇ ಇದ್ದದ್ದಕ್ಕೂ ದಂಡ.
ಆಡಿಟರ್ ತಿಪ್ಪೇರುದ್ರ ಒಳ್ಳೆಯವನೇ, ಚಹಾ ತರಿಸುತ್ತಾನೆ,
ಸರ್ವರ್ ಸುತ್ತುವುದನ್ನು ಇಬ್ಬರೂ ನೋಡುತ್ತೇವೆ.
"ಗುಂಡಿಗೆ ಒಂದು ದರ, ದಾರಕ್ಕೆ ಒಂದು,
ಕೂಲಿ ಹೊಲಿಗೆಗೆ ಇನ್ನೊಂದು, ಅದೂ ಬದಲಾಯಿತು" ಅನ್ನುತ್ತಾನೆ.
ಕೆಳಗಿಳಿದು ಬಂದ ಮೇಲೆ ನೆನಪಾಗುತ್ತದೆ,
ಅವನ ಫೀಜು ಕೊಟ್ಟಿಲ್ಲ.

ಶಾಲೆ ಮಕ್ಕಳ ಯೂನಿಫಾರ್ಮಿನ ಟೆಂಡರ್ ಕರೆದಿದ್ದರು.
ಹುಲಿಗೆವ್ವ ಒಂದು ಚಡ್ಡಿ ಮಾದರಿಗೆ ಹೊಲಿದೂ ಬಿಟ್ಟಳು,
ಕತ್ತರಿಸಿದ ದಾರ ಒಂದೂ ಕಾಣದ ಹಾಗೆ.
ಷರತ್ತು ಓದಿದ್ದು ಆಮೇಲೆ:
ಮೂರು ವರ್ಷ ಕೋಟಿ ದಾಟಿದ ವಹಿವಾಟು.
ಆ ಚಡ್ಡಿ ಈಗ ಅವಳ ಮೊಮ್ಮಗನಿಗೆ.

ನಮ್ಮಜ್ಜ ಪಾಂಡೋಬ ಇದೇ ಊರ ಜೈಲಿಗೆ ಅಂಗಿ ಹೊಲಿದವನು.
ಸಾಲಾಗಿ ನಿಲ್ಲಿಸಿ
ಕೊಲೆ ಮಾಡಿದವನಿಗೂ ಕೋಳಿ ಕದ್ದವನಿಗೂ
ಟೇಪು ಹಿಡಿದು ಎದೆ ಅಳೆದನಂತೆ.
ಅಳತೆ ತಗೊಳ್ಳದೆ ಹೊಲಿದವನು ದರ್ಜಿಯಲ್ಲ ಅನ್ನುತ್ತಿದ್ದ.
ಈಗ ಬರುವ ಕಾಯಿದೆಗಳು
ಯಾವನೋ ದೊಡ್ಡ ಹೊಟ್ಟೆಯವನ ಅಳತೆಗೆ ಹೊಲಿದು
ಪಾರ್ಸೆಲ್ಲಾಗಿ ಬರುತ್ತವೆ.
ಹಾಕ್ಕೋ ಅನ್ನುತ್ತಾರೆ.
ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು, ಜಾರದಂತೆ.
ಕೆಲಸ ಯಾವ ಕೈಲಿ ಮಾಡುವುದು?

ಮೊನ್ನೆ ಇಲಾಖೆಯಿಂದ ಒಬ್ಬ ಹುಡುಗ ಬಂದ, ಸರ್ವೆಗೆ.
"ಕೆಲಸದವರು ಎಷ್ಟು?"
ಮೊದಲು ಒಂಬತ್ತು. ಈಗ ಖಾಜಾಬಿ ಮತ್ತು ನಾನು.
"ಹತ್ತರ ಕೆಳಗೆ ಕಾಲಂ ಇಲ್ಲವಲ್ಲ" ಅಂದು
ತಲೆ ಕೆರೆದುಕೊಂಡ. ಪಾಪ, ಮುಖದಲ್ಲಿ ಬೇಜಾರಿತ್ತು.
ಜೀನ್ಸಿನ ಬಲಜೇಬೊಳಗಿನ ಆ ಪುಟ್ಟ ಜೇಬಿಗೆ
ಎರಡು ಬೆರಳಿಟ್ಟು
ಒಂದು ಲವಂಗ ತೆಗೆದು ಬಾಯಿಗೆ ಹಾಕಿದ.

ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲದೆ
ಇಪ್ಪತ್ತಾರು ವರ್ಷ ಹೊಲಿದ ಜೇಬು ಅದು.
ಅದರ ಮೂಲೆಯ ಟಾಕಿ ಕೂದಲೆಳೆಯಷ್ಟು ಓರೆ.
ಖಾಜಾಬಿ ನನ್ನ ನೋಡಿದಳು. ನಾನು ಅವಳ ನೋಡಿದೆ.
ಅವಳ ಕೈ.
ಹೊಲಿಗೆ ಎರಡಿಂಚು ಬಿಟ್ಟಿತ್ತು.

"ನಿಂತಿರಿ ಸಾರ್" ಅಂದು
ಸೂಜಿಗೆ ದಾರ ಪೋಣಿಸಿ ಮಂಡಿಯೂರಿದೆ.
ಆರು ಟಾಕಿ. ಹಲ್ಲಲ್ಲಿ ದಾರ ಕಡಿದೆ.
ಲವಂಗದ ವಾಸನೆ.

"ಎಷ್ಟಾಯಿತು ಯಜಮಾನ್ರೆ?"

ಬಿಡಿ ಸಾರ್,
ತಗೊಂಡರೆ ಬಿಲ್ಲು ಬರೀಬೇಕಾಗುತ್ತೆ.